ಮುಯ್ಯಿಯ ಹಪ್ಪಳ

ಬೆಳಗಾವಿ, ರವಿವಾರ ಪೇಟೆ
ತಾ. ೧೭ ಜನವರಿ ೧೯೨೬

ಚಿ. ಕೃಷ್ಣಾಬಾಯಿಗೆ ಅಣ್ಣ ತ್ರ್ಯಂಬಕನ ಅನೇಕ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ವಹಿನಿಯೂ ಕ್ಷೇಮ. ಅಂದರೆ ಬೆಳಗಿನಿಂದ ನನ್ನ ಮೇಲೆ ಎರಡೇ ಸಲ ರೇಗಿದ್ದಾಳೆ.

ನಿನ್ನ ಭಾವ ಮಧುಕರರಾಯರು ಹಾಕಿದ ಕರಾರನ್ನು ನಿನ್ನ ಪತ್ರದಲ್ಲಿ ಓದಿದೆ. ಒಮ್ಮೆ ಅಲ್ಲ, ಅಂಗಡಿಯಲ್ಲಿ ಗಿರಾಕಿ ಇಲ್ಲದಾಗಲೆಲ್ಲ ಓದಿದೆ. ಅಲಕಾ ನಮ್ಮಲ್ಲಿಗೆ ಬಂದು ಇಂಗ್ಲಿಷ್ ಸಾಲಿ ಸೇರಬಹುದು. ಸೋದರಮಾವನ ಮನೆಯಲ್ಲಿ ಉಣ್ಣಬಹುದು, ಮಲಗಬಹುದು, ಅದು ಹಕ್ಕು. ಆದರೆ ಅದೇ ಸೋದರಮಾವ ಸಾಲಿಯ ಫೀ ಕೊಟ್ಟರೆ, ಪುಸ್ತಕ ಕೊಡಿಸಿದರೆ, ಅದು ಭಿಕ್ಷೆ! ತಾವೂ ಕೊಡುವುದಿಲ್ಲ. ನೀನೇ ಗಳಿಸಿ ಕೊಡುವುದಾದರೆ ಅವರ ಅಡ್ಡಿ ಇಲ್ಲ. ಇಲ್ಲದಿದ್ದರೆ ಜೂನ್ ತಿಂಗಳಲ್ಲಿ ನಂದಗಡದ ವರನಿಗೆ ಹುಡುಗಿಯನ್ನು ಕೊಡುವ ಮಾತು ಕೊಡುತ್ತಾರೆ. ಹಕ್ಕು ಎಲ್ಲಿ ಮುಗಿದು ಭಿಕ್ಷೆ ಎಲ್ಲಿ ಸುರುವಾಗುತ್ತದೆ ಎಂಬುದನ್ನು ಇಷ್ಟು ನಿಖರವಾಗಿ ಬಲ್ಲವರು ವಕೀಲಿ ಮಾಡದೆ ಖಾನಾಪುರದಲ್ಲಿ ಭತ್ತದ ಗದ್ದೆ ನೋಡಿಕೊಂಡು ಕೂತದ್ದು ಇಡೀ ಮುಂಬಯಿ ಇಲಾಖೆಗೆ ಆದ ನಷ್ಟ.

ನಮ್ಮ ಬಾಳಕೃಷ್ಣ ತೀರಿಕೊಂಡು ಎರಡು ವರ್ಷವಾಯಿತು. ಆತ ಇದ್ದಿದ್ದರೆ ಮಗಳ ಸಾಲಿಗೆ ಕರಾರು ಹಾಕುವ ಪ್ರಸಂಗವೇ ಬರುತ್ತಿರಲಿಲ್ಲ. ಇರಲಿ. ಇಲ್ಲದ್ದನ್ನು ನೆನೆಯುವುದಕ್ಕೆ ಮಂಡಳಿ ಬೇಕಾಗಿಲ್ಲ. ಇದ್ದದ್ದನ್ನು ಉಪಯೋಗಿಸುವುದಕ್ಕೆ ಬೇಕು. ಆದಕಾರಣ ನಿನ್ನೆ ಒಂದು ಮಂಡಳಿಯನ್ನು ಸ್ಥಾಪಿಸಿದ್ದೇನೆ.

ನಗಬೇಡ. ಕಾಂಗ್ರೆಸ್ಸು ನಮ್ಮೂರಲ್ಲಿ ನೆರೆದು ಹೋಗಿ ವರ್ಷವಾಯಿತಷ್ಟೆ. ಅಂದಿನಿಂದ ಬೆಳಗಾವಿಯಲ್ಲಿ ಒಂದಾದರೂ ಮಂಡಳಿಯ ಅಧ್ಯಕ್ಷನಲ್ಲದ ಗಂಡಸನ್ನು ಹುಡುಕಿ ತೆಗೆಯುವುದು ಕಷ್ಟವಾಗಿದೆ. ನಮ್ಮದರ ಹೆಸರು 'ಗೃಹಿಣೀ ಉದ್ಯೋಗೋತ್ತೇಜಕ ಮಂಡಳಿ'. ಮನೆಯಲ್ಲೇ ಇರುವ ತಾಯಂದಿರ ಕೈಯಲ್ಲಿರುವ ವಿದ್ಯೆಯಿಂದ ಅವರ ಕೈಗೆ ನಾಲ್ಕು ಕಾಸು ಬರುವಂತೆ ಮಾಡುವುದು ಉದ್ದೇಶ. ಅಧ್ಯಕ್ಷ ನಾನು. ಕಾರ್ಯದರ್ಶಿ ನಾನು. ಮೊದಲನೆಯ ಸಭೆಯಲ್ಲಿ ಕೋರಂ ತುಂಬಿತ್ತು. ಮೊದಲನೆಯ ತಾಯಿ ನೀನು. ಮೊದಲನೆಯ ವಿದ್ಯೆ ಉದ್ದಿನ ಹಪ್ಪಳ. ನಿನ್ನ ಹಪ್ಪಳವನ್ನು ತಿಂದು ಬೆಳೆದ ನಾಲಿಗೆಯ ಸಾಕ್ಷಿಯ ಮೇಲೆ ಹೇಳುತ್ತೇನೆ, ಇಂಥದು ಈ ಪೇಟೆಯಲ್ಲಿಲ್ಲ. ನಾನು ಗುಮಾಸ್ತೆಯಾಗಿರುವ ಅಂಗಡಿಯ ಮಾಲಕರು ನಾಗಲಿಂಗಪ್ಪ ಶೆಟ್ಟರು ಉದ್ದಿನ ಬೇಳೆಯನ್ನು ಮೊದಲು ಕೊಟ್ಟು ಆಮೇಲೆ ಹಪ್ಪಳದಲ್ಲಿ ಮುರಿದುಕೊಳ್ಳಲು ಒಪ್ಪಿದ್ದಾರೆ. ಬೆಲ್ಲದ ಗಾಡಿ ಹೊಡೆದುಕೊಂಡು ನಿಮ್ಮೂರಿಂದ ಬರುವ ಸಾತಪ್ಪನ ಕೈಯಲ್ಲಿ ಬೇಳೆಯ ಚೀಲ ಕಳಿಸಿದ್ದೇನೆ.

ನಿನ್ನ ಅಣ್ಣ,
ತ್ರ್ಯಂಬಕ (ಅಧ್ಯಕ್ಷ)

ತಾ. ಕ.: "ಅಧ್ಯಕ್ಷರು ಮೊದಲು ಒಂದು ಹಪ್ಪಳ ಕರಕಾಗದಂಗ ಸುಟ್ಟು ತೋರಿಸಲಿ" ಎಂದು ಬರೆಯಲು ನಿನ್ನ ವಹಿನಿ ಹೇಳಿದ್ದಾಳೆ. ಬರೆದಿದ್ದೇನೆ.

*

ಖಾನಾಪುರ
ತಾ. ೨೬ ಜನವರಿ ೧೯೨೬

ತೀರ್ಥರೂಪ ಅಣ್ಣಗ ಕೃಷ್ಣೀ ನಮಸ್ಕಾರ.

ಬ್ಯಾಳಿ ಮುಟ್ಟಿತು. ಮಂಡಳೀನೂ ಮುಟ್ಟಿತು. ಎರಡರಾಗ ಬ್ಯಾಳಿ ಚೊಲೋ ಅದ.

ಬಾಗಿಲ ಮರಿಗೆ ನಿಂತು ಭಾವನವರಿಗೆ ಹೇಳಿದೆ. ಅವರು ತೂಗೂ ಜೋಕಾಲಿ ನಿಂತಿತು.

"ಹಪ್ಪಳಾನ?" ಅಂದ್ರು.

"ಹೌದ್ರಿ."

"ಮಾರಲಿಕ್ಕ?"

"ಹೌದ್ರಿ."

"ಮಾರು, ಮಾರು. ಹಪ್ಪಳ ಮಾರಿ ಯಾರ ಮಕ್ಕಳು ಇಂಗ್ಲಿಷ್ ಕಲ್ತಾರ, ನಾನೂ ನೋಡ್ತೀನಿ."

ಜೋಕಾಲಿ ಮತ್ತ ಸುರು ಆತು. ಪಡಸಾಲ್ಯಾಗ ನಾಲ್ಕು ಮಂದಿ ಕೂತಿದ್ದರು, ಎಲ್ಲಾರೂ ಕೇಳಿಸಿಕೊಂಡ್ರು. ಅದ ಬೇಕಾಗಿತ್ತು ನನಗ.

ಅತ್ತಿಯವರು ಅನ್ನ ಮಾರಿದ್ರ ಪಾಪ ಬರ್ತದ ಅಂತ ಎರಡು ದಿವಸ ಮಾತಾಡಲಿಲ್ಲ. ಮೂರನೇ ದಿವಸ ತಾವ ದಾರಿ ತೋರಿಸಿದ್ರು: "ಹಪ್ಪಳ ಅನ್ನ ಅಲ್ಲ. ಸುಡೂತನಕ ಅದು ಹಿಟ್ಟು. ಹಿಟ್ಟು ಮಾರಿದ್ರ ಪಾಪಿಲ್ಲ. ಸುಟ್ಟವರ ಪಾಪ ಸುಟ್ಟವರಿಗೆ." ನಿಮ್ಮ ಶೆಟ್ಟರಿಗೆ ಇದನ್ನ ಹೇಳಬ್ಯಾಡ, ಗಿರಾಕಿ ಓಡಿಹೋಗ್ಯಾರು.

ಇನ್ನ ಕೆಲಸದ ಮಾತು. ಹಪ್ಪಳ ಒಬ್ಬಾಕಿ ಕೆಲಸ ಅಲ್ಲ. ಹಿಟ್ಟು ಕುಟ್ಟಲಿಕ್ಕ ಇಬ್ಬರು, ದಾರದಿಂದ ಕೊಯ್ದು ಉಂಡಿ ಮಾಡಲಿಕ್ಕ ಒಬ್ಬರು, ಲಟ್ಟಿಸಲಿಕ್ಕ ಎಷ್ಟು ಕೈ ಇದ್ರೂ ಕಡಿಮಿ. ಹಿಟ್ಟು ಒಣಗಿತು ಅಂದ್ರ ಅಂಚು ಸೀಳ್ತದ. ಬ್ಯಾಸಗಿಗೆ ನಮ್ಮ ಓಣ್ಯಾಗ ಮುಯ್ಯಿ ಅದ: ಇವತ್ತ ನನ್ನ ಮನಿ, ನಾಳೆ ಮಾಸ್ತರರ ಹೆಂಡತಿ ಕಾಂತಕ್ಕನ ಮನಿ, ನಾಡದ ಗೋದಕ್ಕನ ಮನಿ. ಕೈಗೆ ಕೈ. ಯಾರೂ ಯಾರಿಗೂ ಒಂದು ದುಡ್ಡು ಕೊಡೂದಿಲ್ಲ, ಕೇಳೂದಿಲ್ಲ. ಈ ಸಲ ನಾ ಮೊದಲ ಮುಯ್ಯಿ ಕರದೀನಿ. "ಇಷ್ಟ್ಯಾಕವ್ವಾ ಹಿಟ್ಟು?" ಅಂತ ಕೇಳಿದ್ರು. "ಅಣ್ಣನ ಊರಿಗೆ ಕಳಸಬೇಕು" ಅಂದೆ. ಸುಳ್ಳಲ್ಲ. ಪೂರಾ ಖರೇನೂ ಅಲ್ಲ.

ಅಲಕಾ ಚೊಲೋ ಇದ್ದಾಳ. ನಂದಗಡ ಅಂದ್ರ ಎಷ್ಟು ದೂರ ಅಂತ ನಿನ್ನೆ ಕೇಳಿದಳು. ಬೆಳಗಾವಿಗಿಂತ ಹತ್ತರ ಅಂದೆ.

ನಿನ್ನ ತಂಗಿ,
ಕೃಷ್ಣಿ

*

ಬೆಳಗಾವಿ
ತಾ. ೨೪ ಫೆಬ್ರುವರಿ ೧೯೨೬

ಚಿ. ಕೃಷ್ಣಿಗೆ ಆಶೀರ್ವಾದ.

ಡಬ್ಬಿಗಳು ಬಂದವು. ಒಂದೂ ಮುರಿದಿಲ್ಲ. ಸಾತಪ್ಪ ಅವುಗಳ ಕೆಳಗೆ ತನ್ನ ಕಂಬಳಿ ಹಾಸಿ ತಾನು ಚಳಿಯಲ್ಲಿ ಬಂದನಂತೆ. "ಹಪ್ಪಳಕ್ಕ ಚಳಿ ಆಗಬಾರದ್ರಿ, ಮನಶ್ಯಾಗ ಏನೂ ಆಗೂದಿಲ್ಲ" ಎಂದ. ಇಂಥವರಿಂದ ದೇಶ ನಡೆದಿದೆ, ಅಧ್ಯಕ್ಷರಿಂದ ಅಲ್ಲ.

ಪರೀಕ್ಷೆಯ ವರದಿ ಹೀಗಿದೆ. ನಾಗಲಿಂಗಪ್ಪ ಶೆಟ್ಟರು ಒಂದನ್ನು ಸುಡಿಸಿ ತಿಂದು "ಖಾರ ಕಡಿಮಿ" ಎಂದರು. ಎರಡನೆಯದನ್ನು ತಿಂದು "ಇಂಗು ಜಾಸ್ತಿ" ಎಂದರು. ಮೂರನೆಯದನ್ನು ತಿಂದು "ಇನ್ನೂ ನೋಡಬೇಕು" ಎಂದರು. ಹೀಗೆ ಸಣ್ಣ ಡಬ್ಬಿಯ ತಳ ಕಾಣುವ ತನಕ ದೋಷ ಹುಡುಕಿ, ಬಾಯಿ ಒರೆಸಿಕೊಂಡು, ದೊಡ್ಡ ಡಬ್ಬಿಗಳನ್ನು ಗಲ್ಲಾಪೆಟ್ಟಿಗೆಯ ಎದುರಿಗೇ ಇಡಿಸಿದರು. ಎಂಟು ದಿನ ಉಳಿಯಲಿಲ್ಲ. ಇನ್ನು ಮದುವೆಯ ಹಂಗಾಮು. ಶೆಟ್ಟರು "ನಿಮ್ಮ ತಂಗೀಗೆ ಎಷ್ಟು ಆಗ್ತಾವ ಅಷ್ಟು ಮಾಡಂತ ಹೇಳ್ರಿ" ಎಂದಿದ್ದಾರೆ. ಇದೇ ಹದ ಮೇ ತಿಂಗಳ ತನಕ ನಡೆದರೆ ಅಲಕಾನ ಫೀ ಪೂರೈಸಿ ಒಂದು ಕೊಡೆಗೂ ಆದೀತು. ಬೆಳಗಾವಿಯ ಮಳೆ ನಿನಗೆ ಗೊತ್ತೇ ಇದೆ.

ಮಂಡಳಿಯೂ ಸುಮ್ಮನೆ ಕೂತಿಲ್ಲ. ಒಂದು ಕರಪತ್ರ ಅಚ್ಚು ಹಾಕಿಸಿದ್ದೇನೆ. ಮಾದರಿ: "ಶುದ್ಧ! ಮಡಿಯ! ಖಾನಾಪುರದ ಕುಲೀನ ಗೃಹಿಣಿಯರು ಸ್ವಹಸ್ತದಿಂದ ಲಟ್ಟಿಸಿದ ಉದ್ದಿನ ಹಪ್ಪಳ! ಇದನ್ನು ಮುರಿದ ಸದ್ದಿಗೆ ಪಂಕ್ತಿಯೇ ತಿರುಗಿ ನೋಡುವುದು! ರವಿವಾರ ಪೇಟೆಯಲ್ಲಿ ದೊರೆಯುತ್ತದೆ." ಪಂಕ್ತಿಯ ವಾಕ್ಯ ನನ್ನದೇ, ಅಚ್ಚಿನವನು ಬಹಳ ಮೆಚ್ಚಿದ. ನಿಮ್ಮೂರಿನವರಿಗೂ ತಮ್ಮ ಹೆಮ್ಮೆ ತಿಳಿಯಲಿ ಎಂದು ಒಂದು ಕಟ್ಟು ಸಾತಪ್ಪನ ಕೈಯಲ್ಲಿ ಕೊಟ್ಟು ಮನೆಮನೆಗೆ ಹಂಚಲು ಹೇಳಿದ್ದೇನೆ.

ನಿನ್ನ ಅಣ್ಣ,
ತ್ರ್ಯಂಬಕ

*

ಖಾನಾಪುರ
ತಾ. ೯ ಮಾರ್ಚ್ ೧೯೨೬

ಅಣ್ಣಗ ನಮಸ್ಕಾರ.

ನಿನ್ನ ಕರಪತ್ರ ಹಂಚೂದು ಮುಗೀತು. ಸಾತಪ್ಪ ಒಂದು ಮನಿ ಬಿಡಲಿಲ್ಲ. "ಬೆಳಗಾವಿ ರಾಯರು ಕೊಟ್ಟಾರ್ರಿ ಅಕ್ಕಾರ, ಓದಿಸಿಕೊಳ್ರಿ, ಏನೋ ಚೊಲೋ ಸುದ್ದಿ ಐತಿ" ಅಂತ ಕೈಯಾಗ ಇಟ್ಟು ಬಂದ. ಕಾಂತಕ್ಕನ ಯಜಮಾನ್ರು ಮಾಸ್ತರರು. ಊಟಕ್ಕ ಕೂತಾಗ ಗಟ್ಟಿಯಾಗಿ ಓದಿದ್ರಂತ. ಪಂಕ್ತಿ ತಿರುಗಿ ನೋಡ್ತದ ಅಂದೀಯಲ್ಲ, ಖರೇನ ನೋಡಿತು.

ಮರುದಿವಸ ಕಾಂತಕ್ಕ ಆ ಕಾಗದ ಹಿಡಕೊಂಡು ಬಂದ್ಲು.

"ಏನವ್ವಾ ಕೃಷ್ಣಾ, ನಾ ಕುಲೀನ ಗೃಹಿಣಿ ಅಂತ ಬೆಳಗಾವಿಗೆಲ್ಲಾ ಗೊತ್ತಾತಲ್ಲ!"

"ಕುಂದರ್ರಿ ಕಾಂತಕ್ಕ."

"ಕೂತದ್ದು ಸಾಕಾತು. ನಿನ್ನ ಪಡಸಾಲ್ಯಾಗ ಕೂತು ಕೂತು ಟೊಂಕ ಇನ್ನೂ ನೆಟ್ಟಗಾಗಿಲ್ಲ. ಅಣ್ಣನ ಊರಿಗೆ ಕಳಸಲಿಕ್ಕ ಅಂದಿ. ಅಣ್ಣನ ಊರಾಗ ಮಾರಲಿಕ್ಕ ಅನ್ನಲಿಲ್ಲ. ನಮ್ಮ ಮುಯ್ಯಿ ಮಾರಿಕೊಂಡ್ಯಲ್ಲ?"

ಅದಕ್ಕ ರೊಕ್ಕ ತಗೊಂಡು ಸಂಜೀಕೆ ಆಕಿ ಮನಿಗೆ ಹೋದೆ, ಆಕಿ ಪಾಲು ಕೊಟ್ಟು ಬರೂಣು ಅಂತ. ಚಾಚಿದೆ. ಆಕಿ ಎರಡೂ ಕೈ ಸೆರಗಿನಾಗ ಹಾಕ್ಕೊಂಡ್ಲು.

"ನಾ ಏನು ನಿಮ್ಮ ಗದ್ದ್ಯಾಗ ನಟ್ಟಿ ಹಚ್ಚೋ ಆಳೇನ? ಕೂಲಿ ಕೊಡಲಿಕ್ಕ ಬಂದಿ?"

"ಕೊಡದಿದ್ರ ಮಾರಿಕೊಂಡಿ ಅಂತೀರಿ, ಕೊಟ್ರ ಕೂಲಿ ಅಂತೀರಿ. ಏನು ಮಾಡಲಿ ಹೇಳ್ರಿ."

"ಅದನ್ನ ಹಿಟ್ಟು ಕಲಸೂಕಿಂತ ಮೊದಲ ವಿಚಾರ ಮಾಡಬೇಕಾಗಿತ್ತು."

ಆಕಿ ಹೇಳಿದ್ರಾಗ ತಪ್ಪಿಲ್ಲ. ಗೋದಕ್ಕನೂ ಬರೂದು ಬಿಟ್ಟಾಳ. ಆಕಿ ಮನ್ಯಾಗ ಯಾತಕ್ಕೂ ಕಡಿಮಿಲ್ಲ, ಎತ್ತಿನ ಗಾಡಿ ಅದ, ಹಿತ್ತಾಳಿ ಹಂಡೆ ಅದ. ಆದ್ರೂ ಮಾತು ಅಂದ್ರ ಮಾತು. ಭಾವನವರಿಗೂ ಸಿಟ್ಟು ಬಂದದ. ಅವರ ಹೆಸರು ಹಾಕಿದ್ದಕ್ಕಲ್ಲ, ಹಾಕದ್ದಕ್ಕ. ಅಕ್ಷಯ ತದಿಗಿ ಆದ ಮ್ಯಾಲೆ ನಂದಗಡದವರು ಹುಡಿಗೀನ್ನ ನೋಡಲಿಕ್ಕ ಬರ್ತಾರ ಅಂತ ನಿನ್ನೆ ಅಂದ್ರು.

ನೀ ಮತ್ತ ಕಳಿಸಿದ ಎರಡು ಚೀಲ ಬ್ಯಾಳಿ ಹಂಗ ಕೂತದ. ನಾನೂ ಅದರ ಎದುರಿಗೆ ಕೂತೀನಿ.

ಕೃಷ್ಣಿ

*

ಬೆಳಗಾವಿ
ತಾ. ೧೫ ಮಾರ್ಚ್ ೧೯೨೬

ಚಿ. ಕೃಷ್ಣಿಗೆ ಆಶೀರ್ವಾದ.

ಕರಪತ್ರದ ವಿಷಯದಲ್ಲಿ ಮಂಡಳಿ ವಿಷಾದ ವ್ಯಕ್ತಪಡಿಸಿದೆ. ಉಳಿದ ಪ್ರತಿಗಳನ್ನು ನಿನ್ನ ವಹಿನಿ ಒಲೆಯಲ್ಲಿ ಹಾಕಿದ್ದಾಳೆ. ಚೆನ್ನಾಗಿ ಉರಿದವು.

ಆದರೆ ಧೈರ್ಯಗೆಡಬೇಡ. ನಿನ್ನೆ ರಾತ್ರಿ ಊಟವಾದ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಾಗ ನಿನ್ನ ಇಕ್ಕಟ್ಟಿಗೆ ಪರಿಹಾರ ಹೊಳೆಯಿತು. ಕಾಂತಕ್ಕನಿಗೆ ರೊಕ್ಕ ಬೇಡವೇ? ಬೇಕು. ಮಾಸ್ತರರ ಪಗಾರ ಎಷ್ಟೆಂದು ಜಗತ್ತಿಗೇ ಗೊತ್ತು. ಬೇಡವಾದದ್ದು ಕೂಲಿ ಎಂಬ ಹೆಸರು. ಅಂದಮೇಲೆ ಕೂಲಿ ಕೊಡಬೇಡ, ಉಡಿ ತುಂಬು!

ವಿಚಾರ ಮಾಡಿ ನೋಡು. ಮನೆಗೆ ಬಂದ ಮುತ್ತೈದೆ ಸೆರಗು ಒಡ್ಡಿದಾಗ ಅದರಲ್ಲಿ ಅಕ್ಕಿ ಬೀಳುತ್ತದೆ, ಕಾಯಿ ಬೀಳುತ್ತದೆ, ಕುಪ್ಪಸದ ಕಣ ಬೀಳುತ್ತದೆ. ಅಕ್ಕಿಯ ಜೊತೆಗೆ ಒಂದು ಬೆಳ್ಳಿಯ ರೂಪಾಯಿಯೂ ಬಿದ್ದರೆ ಯಾರು ಎಣಿಸುತ್ತಾರೆ? ಉಡಿ ಬೇಡ ಅಂದ ಹೆಂಗಸು ಕಿತ್ತೂರಿನಿಂದ ಕಾರವಾರದ ತನಕ ಹುಟ್ಟಿಲ್ಲ. ಕೂಲಿ ಆಳಿಗೆ, ಉಡಿ ಲಕ್ಷ್ಮಿಗೆ. ವಸ್ತು ಅದೇ, ಗೌರವ ಆಕಾಶಕ್ಕೆ! ದಿನದ ಕೆಲಸ ಮುಗಿದ ಕೂಡಲೆ ಎಲ್ಲರನ್ನೂ ಮಣೆಯ ಮೇಲೆ ಸಾಲಾಗಿ ಕೂಡಿಸಿ, ನೀನು ನಿನ್ನ ಕೈಯಾರೆ ಒಬ್ಬೊಬ್ಬರಿಗೂ ಕುಂಕುಮ ಹಚ್ಚಿ ಉಡಿ ತುಂಬು. ಮರುದಿನ ನೀನು ಕರೆಯುವ ಮೊದಲೇ ಬಂದು ನಿಲ್ಲದಿದ್ದರೆ ನನ್ನ ಹೆಸರು ಬದಲಾಯಿಸು.

ಇದನ್ನು ಬರೆದು ಮುಗಿಸಿ ನನಗೆ ನಾನೇ ಶಾಲು ಹೊದಿಸಿಕೊಳ್ಳಬೇಕು ಎನಿಸಿತು. ನಿನ್ನ ವಹಿನಿ ಮಲಗಿದ್ದರಿಂದ ಪತ್ರವನ್ನು ಆಕೆಗೆ ತೋರಿಸಿಲ್ಲ.

ನಿನ್ನ ಅಣ್ಣ,
ತ್ರ್ಯಂಬಕ

*

ಖಾನಾಪುರ
ತಾ. ೨೦ ಮಾರ್ಚ್ ೧೯೨೬

ಅಣ್ಣಾ,

ನಿನ್ನ ಪತ್ರ ಮುಟ್ಟಿತು. ಉಡಿ ತುಂಬೂ ವಿಚಾರ ಚೊಲೋ ಅದ. ಯಾರ ಕೈಲೆ ತುಂಬಸಲಿ ಅನ್ನೂದನ್ನ ನೀ ಬರೀಲಿಲ್ಲ. ಎರಡು ವರ್ಷದಿಂದ ಈ ಮನ್ಯಾಗ ಕುಂಕುಮದ ಭರಣಿ ಇರೂ ಗೂಡಿನ ಕಡೆ ನನ್ನ ಕೈ ಹೋಗಿಲ್ಲ.

ಉಳಿದ ಬ್ಯಾಳಿ ಸಾತಪ್ಪನ ಗಾಡ್ಯಾಗ ತಿರುಗಿ ಕಳಸಲೇನು? ಹುಳ ಹಿಡಿಯೂಕಿಂತ ಮೊದಲ ತಿಳಸು.

ಕೃಷ್ಣಿ

*

ಬೆಳಗಾವಿ
ತಾ. ೨೬ ಮಾರ್ಚ್ ೧೯೨೬

ಕೃಷ್ಣಾಗ ವಹಿನಿ ರಾಧಾಬಾಯಿ ಆಶೀರ್ವಾದ.

ನಿನ್ನ ಕಾರ್ಡು ಬಂದಾಗಿನಿಂದ ನಿಮ್ಮ ಅಣ್ಣ ಅದನ್ನ ಅಂಗಿ ಕಿಸೆದಾಗ ಇಟ್ಟುಕೊಂಡಾರ. ಊಟಕ್ಕ ಕೂತಾಗ ತಗದು ನೋಡ್ತಾರ, ಮತ್ತ ಒಳಗ ಇಡ್ತಾರ. ನಿನ್ನೆ ಸಾರಿಗೆ ಉಪ್ಪು ಹಾಕೂದು ಮರತಿದ್ದೆ. ಸುಮ್ಮನ ಉಂಡು ಎದ್ದರು. ನನ್ನ ಲಗ್ನ ಆಗಿ ಇಷ್ಟು ವರ್ಷದಾಗ ಹಿಂಗ ಆಗಿದ್ದಿಲ್ಲ. ಮಾತಾಡಿದ್ರ ತಲಿ ತಿಂತಾರ, ಮಾತಾಡದಿದ್ರ ಮನಿ ತಿಂತದ.

ಅವರು ಏನು ಬರದಿದ್ರು ಅಂತ ಆಮ್ಯಾಲೆ ಹೇಳಿದ್ರು.

ನನಗ ಒಂದು ಹೊಳದದ. ಬ್ಯಾಳಿ ತಿರುಗಿ ಕಳಸಬ್ಯಾಡ, ನಾ ಬರ್ತೀನಿ. ಹದಿನೈದು ದಿವಸಕ್ಕೊಮ್ಮೆ ಮುಂಜಾನೆ ರೇಲ್ವೆ ಗಾಡೀಲೆ ಬಂದು ಸಂಜೀ ಗಾಡೀಲೆ ತಿರುಗಿದ್ರಾತು. ನಾ ಮುತ್ತೈದಿ. ನನ್ನ ಕೈಲೆ ಉಡಿ ತುಂಬಿದ್ರ ಯಾರೂ ಏನೂ ಅನ್ನೂ ಹಂಗಿಲ್ಲ. ನೀ ಬಾಗಿಲ ಮರಿಗೆ ನಿಂತು, ಈಕಿಗೆ ಇಷ್ಟು ಆಕಿಗೆ ಇಷ್ಟು ಅಂತ ಕಣ್ಣಿಲೆ ಹೇಳು, ಸಾಕು. ಅಲಕಾನ ಸಾಲಿ ಮುಖ್ಯ. ಉಳಿದದ್ದು ನುಂಗಬೇಕಾಗ್ತದ.

ಇಂತಿ,
ಸೌ. ರಾಧಾಬಾಯಿ

*

ಖಾನಾಪುರ
ತಾ. ೩ ಏಪ್ರಿಲ್ ೧೯೨೬

ವಹಿನಿಯವರಿಗೆ ಕೃಷ್ಣೀ ನಮಸ್ಕಾರ.

ನೀವು ಬರ್ತೀನಿ ಅಂದ್ರಿ, ನನಗ ಹೊಟ್ಟಿ ತುಂಬಿತು. ಆದ್ರ ಬರಬ್ಯಾಡ್ರಿ. ಅಂದ್ರ, ಊಟಕ್ಕ ಬರ್ರಿ, ಉಡಿಗೆ ಬ್ಯಾಡ.

ನಿಮ್ಮ ಕೈಲೆ ಕೊಟ್ಟದ್ದು ನಿಮ್ಮ ಉಡಿ ಆಗ್ತದ. ಭಾವನವರು ಕರಾರು ಹಾಕಿದ್ದು ನಾ ದುಡೀಬೇಕು ಅಂತ. ನಾಳೆ ಅವರು "ತವರಿನವರು ಬಂದು ನಡಸ್ಯಾರ" ಅಂದ್ರ ನನ್ನ ಬಾಯಿ ಕಟ್ಟಿತು. ಇನ್ನೊಂದು ಮಾತು, ಸಿಟ್ಟಾಗಬ್ಯಾಡ್ರಿ. ಬಾಗಿಲ ಮರಿಗೆ ನಿಲ್ಲೂದನ್ನ ನಾ ಎರಡು ವರ್ಷದಾಗ ಚೊಲೋ ಕಲ್ತೀನಿ. ಅದಕ್ಕ ಎರಡು ಚೀಲ ಬ್ಯಾಳಿ ತರಸೂ ಜರೂರಿ ಇದ್ದಿಲ್ಲ.

ನಾ ಮೊದಲು ತೀರಸಬೇಕಾದದ್ದು ತೀರಸ್ತೀನಿ. ಅವರು ನನ್ನ ಮನಿಗೆ ಬಂದು ಲಟ್ಟಿಸ್ಯಾರ, ನಾ ಯಾರ ಮನಿಗೂ ಇನ್ನೂ ಹೋಗಿಲ್ಲ. ನಿನ್ನೆ ಕಾಂತಕ್ಕ ಹಿಟ್ಟು ಕಲಸಿದ ಸುದ್ದಿ ಬಂತು. ಕರೀಲಿಲ್ಲ. ಕರೀದನ ಹೋಗಿ ಕೂತೆ. ಆಕಿ ಎದ್ದು ಹೋಗು ಅನ್ನಲಿಲ್ಲ. ಮಣಿ ಸರಿಸಿ ಜಾಗಾ ಮಾಡಿದ್ಲು. ಕುಂಕುಮಕ್ಕ ಆಗದ ಕೈ ಲಟ್ಟಣಿಗಿಗೆ ಆಗ್ತದ, ವಹಿನಿ. ಯಾವ ಶಾಸ್ತ್ರದಾಗೂ ಅದಕ್ಕ ಅಡ್ಡಿ ಬರದಿಲ್ಲ.

ಅಣ್ಣಗ ಹೇಳ್ರಿ, ಅಂವ ಮರತದ್ದಕ್ಕ ನನಗ ಸಿಟ್ಟಿಲ್ಲ. ಓದಿದಾಗ ಬಂದಿತ್ತು. ಆಮ್ಯಾಲೆ ವಿಚಾರ ಮಾಡಿದೆ. ನನ್ನ ನೋಡಿದಾಗ ಮೊದಲು ಅದನ್ನ ನೆನಸದ ಮನುಷ್ಯಾ ಈ ಜಗತ್ತಿನಾಗ ಒಬ್ಬನ ಉಳಿದಾನ. ಇರಲಿ ಬಿಡ್ರಿ.

ಕೃಷ್ಣಿ

*

ಬೆಳಗಾವಿ
ತಾ. ೧೧ ಏಪ್ರಿಲ್ ೧೯೨೬

ಚಿ. ಕೃಷ್ಣಿಗೆ ಆಶೀರ್ವಾದ.

ಮೊನ್ನೆ ಮಂಡಳಿಯ ತುರ್ತು ಸಭೆ ಸೇರಿತ್ತು. ಅಧ್ಯಕ್ಷರ ಮೇಲೆ ಅವಿಶ್ವಾಸದ ಠರಾವು ಬಂತು. ಮಂಡಿಸಿದವಳು ರಾಧಾಬಾಯಿ, ಅನುಮೋದಿಸಿದವನು ನಾನು. ಅಧ್ಯಕ್ಷರನ್ನು ಸರ್ವಾನುಮತದಿಂದ ತೆಗೆದುಹಾಕಲಾಯಿತು. ಅವರನ್ನು ಡಬ್ಬಿ ತೊಳೆದು ಬಿಸಿಲಿಗೆ ಇಡುವ ಕೆಲಸಕ್ಕೆ ನೇಮಿಸಲಾಗಿದೆ. ಎರಡು ತೊಳೆದಿದ್ದಾರೆ. ಒಂದಕ್ಕೆ ಮುಚ್ಚಳ ಕೂಡುತ್ತಿಲ್ಲ.

ಶೆಟ್ಟರು ದಿನಾ ಕೇಳುತ್ತಾರೆ. ಬಂದಾಗ ಬರುತ್ತವೆ ಎಂದಿದ್ದೇನೆ. ನೀನು ಆಗುವುದಿಲ್ಲ ಅಂದರೂ ಅಡ್ಡಿಯಿಲ್ಲ. ಬೇಳೆಯ ಮಾತು ನಾನು ನೋಡಿಕೊಳ್ಳುತ್ತೇನೆ. ಈ ಸಲ ಉಪಾಯ ಏನೂ ಬರೆಯುವುದಿಲ್ಲ. ಇದ್ದರೆ ತಾನೆ?

ತ್ರ್ಯಂಬಕ

*

ಖಾನಾಪುರ
ತಾ. ೨೭ ಮೇ ೧೯೨೬

ಅಣ್ಣಗ, ವಹಿನಿಯವರಿಗೆ ಕೃಷ್ಣೀ ನಮಸ್ಕಾರ.

ಇಷ್ಟು ದಿವಸ ಪತ್ರ ಬರೀಲಿಲ್ಲ. ಡಬ್ಬಿ ಕಳಸಿದೆ, ಅದ ಪತ್ರ ಅಂತ ತಿಳಕೊಂಡಿರಬೇಕು ನೀವು. ಈಗ ಮಳಿ ಮೋಡ ಕಟ್ಟಲಿಕ್ಕ ಹತ್ತಿದಾವ. ಹಪ್ಪಳದ ಕೆಲಸ ನಿಂತದ. ಕುಂತು ಬರೀತೀನಿ.

ಏಪ್ರಿಲ್ ಪೂರ್ತಿ ನಾ ಓಣೀ ಮನಿ ಮನ್ಯಾಗ ಮುಯ್ಯಿ ತೀರಿಸಿದೆ. ಕಡೀಕ ಗೋದಕ್ಕನ ಮನಿ ಮುಗಿದ ದಿವಸ ಎಲ್ಲಾರೂ ಇದ್ದಾಗನ ಹೇಳಿದೆ: "ನನ್ನ ಮುಯ್ಯಿ ತೀರಿತು. ಇನ್ನ ನಾ ಯಾರಿಗೂ ಮುಯ್ಯಿಗೆ ಕರಿಯೂದಿಲ್ಲ. ನಾಳೆಯಿಂದ ನನ್ನ ಪಡಸಾಲ್ಯಾಗ ಮಾರೂ ಹಪ್ಪಳ ಆಗ್ತಾವ. ಬಂದವರಿಗೆ ಸಂಜೀಕೆ ರೊಕ್ಕ ಕೊಡ್ತೀನಿ, ನನ್ನ ಕೈಲೆ ಕೊಡ್ತೀನಿ. ಅಲಕಾನ ಸಾಲಿ ಸಲುವಾಗಿ ಮಾಡ್ಲಿಕ್ಹತ್ತೀನಿ. ಬರದವರ ಮ್ಯಾಲೆ ಸಿಟ್ಟಿಲ್ಲ." ಇದನ್ನ ಜನವರಿಯೊಳಗ ಹೇಳಬೇಕಾಗಿತ್ತು, ನಾಲಿಗಿ ಏಳಲಿಲ್ಲ.

ಮೊದಲನೇ ದಿವಸ ಯಾರೂ ಬರಲಿಲ್ಲ. ನಾ ಒಬ್ಬಾಕೀನ ಕೂತು ಲಟ್ಟಿಸಿದೆ, ಅರ್ಧಾ ಹಿಟ್ಟು ಒಣಗಿತು. ಎರಡನೇ ದಿವಸ ಗೋದಕ್ಕ ಬಂದ್ಲು. "ಸುಮ್ಮನ ನೋಡಿ ಹೋಗಲಿಕ್ಕ ಬಂದೆ" ಅಂತ ಹೊಸ್ತಿಲ ಮ್ಯಾಲೆ ಕೂತ್ಲು. ಸ್ವಲ್ಪ ಹೊತ್ತಿಗೆ "ಏ, ಅಂಚು ದಪ್ಪ ಬಿಡ್ತೀ ನೋಡು" ಅಂತ ಲಟ್ಟಣಿಗಿ ಕಸಗೊಂಡ್ಲು. ಸಂಜೀಕೆ ಕೊಟ್ಟೆ. ಹಿತ್ತಾಳಿ ಹಂಡೇ ಮನೀ ಹೆಣ್ಣುಮಗಳು, ಬ್ಯಾಡ ಅಂದಾಳು ಅಂತ ಮಾಡಿದ್ದೆ. ಮುಷ್ಟ್ಯಾಗ ಬಿಗಿಯಾಗಿ ಹಿಡಕೊಂಡ್ಲು.

"ಮನ್ಯಾಗ ಎಲ್ಲಾ ಅದ ಕೃಷ್ಣಾ. ಆದ್ರ ಒಂದು ಡಜನ್ ಬಳಿ ಇಡಿಸಿಕೋಬೇಕಂದ್ರೂ ಮೂರು ಮಂದೀನ್ನ ಕೇಳಬೇಕು. ನಾಳೆ ಬಳಿಗಾರ ಬರ್ತಾನ. ನಾ ಯಾರನ್ನೂ ಕೇಳೂದಿಲ್ಲ."

ಆಕಿ ಬಂದ ಮ್ಯಾಲೆ ಉಳಿದವರು ಬಂದ್ರು. ಕಾಂತಕ್ಕ ಒಬ್ಬಾಕಿ ಬರಲಿಲ್ಲ. ಆಕಿ ಹಂಗ ತೆಳ್ಳಗ ಲಟ್ಟಿಸೂ ಕೈ ಈ ಊರಾಗ ಇಲ್ಲ. ಆಕಿ ಇಲ್ಲದ ನಿಮ್ಮ ಶೆಟ್ಟರ ಮದವೀ ಮಾಲು ಮುಗಿಯೂ ಹಂಗಿರಲಿಲ್ಲ. ನಂದಗಡದವರು ಬರೂ ದಿವಸಾನೂ ಗೊತ್ತಾಗಿತ್ತು.

ಅಕ್ಷಯ ತದಿಗಿ ಮುಂಚೆ ಒಂದು ಮುಂಜಾನೆ ಕಾಂತಕ್ಕ ಬಂದ್ಲು. ಯಾರನ್ನೂ ನೋಡಲಿಲ್ಲ, ಮಣಿ ಎಳಕೊಂಡು ಕೂತ್ಲು. ದಿವಸ ಪೂರ್ತಿ ಲಟ್ಟಿಸಿದ್ಲು. ಸಂಜೀಕೆ ನಾ ಒಬ್ಬೊಬ್ಬರ ಅಂಗೈಯಾಗ ಇಡಕೋತ ಬಂದೆ. ಆಕಿ ಮುಂದ ಬಂದೆ. ಆಕಿ ಕೈ ಚಾಚಲಿಲ್ಲ.

"ನಾ ಕೂಲಿಯಾಕಿ ಅಲ್ಲ."

"ಗೊತ್ತದ ಕಾಂತಕ್ಕ."

"ಮಾಸ್ತರರ ಹೆಂಡತಿ ಕೈಯೊಡ್ಡಿ ಕೂಲಿ ಇಸಗೊಂಡ್ಲು ಅಂತ ಆಗಬಾರದು."

"ಮತ್ತ?"

ಆಕಿ ಎದ್ದು ನಿಂತು, ಸೆರಗು ಬಿಚ್ಚಿ, ನನ್ನ ಮುಂದ ಉಡಿ ಒಡ್ಡಿದ್ಲು. "ಇದರಾಗ ಹಾಕು" ಅಂದ್ಲು.

ಅತ್ತಿಯವರು ಅಡಗೀ ಮನಿ ಬಾಗಿಲದಾಗ ನಿಂತಿದ್ರು. ನಾ ಅಂದೆ, "ಕಾಂತಕ್ಕ, ನಾ ಹಾಕೂದಾ? ನನ್ನ ಕೈಲೆ?"

"ಮತ್ತ ಯಾರ ಕೈಲೆ? ಕೆಲಸ ಮಾಡಿದ್ದು ನಿನ್ನ ಮನ್ಯಾಗ. ನಿಮ್ಮ ಅಣ್ಣ ಬೆಳಗಾವಿಯಿಂದ ಬಂದು ಹಾಕ್ತಾನೇನು?"

ಹಾಕಿದೆ. ಆಕಿ ಉಡಿ ಹಂಗ ಹಿಡಕೊಂಡ ನಿಂತ್ಲು. ಹೋಗಲಿಲ್ಲ.

"ಏನು?" ಅಂದೆ.

"ಅಕ್ಕಿ ಎಲ್ಲಿ? ಬರೇ ರೊಕ್ಕ ಹಾಕಿದ್ರ ಅದು ಕೂಲೀನ ಆತಲ್ಲ."

ಒಳಗ ಹೋಗಿ ಬೊಗಸಿ ತುಂಬ ಅಕ್ಕಿ ತಂದು ಹಾಕಿದೆ. ಆಕಿ ಸೆರಗು ಕಟ್ಟಿಕೊಂಡು, "ನಾಳೆ ಹಿಟ್ಟಿಗೆ ಸ್ವಲ್ಪ ಎಣ್ಣಿ ಜಾಸ್ತಿ ಹಾಕು, ಸೀಳ್ತಾವ" ಅಂತ ಹೇಳಿ ಹೋದ್ಲು. ಅಣ್ಣಾ, ಇದರಾಗ ನೀ ದೊಡ್ಡ ಸುಧಾರಣಾ ಕಾಣಬ್ಯಾಡ. ವಿಧವೀ ಕೈಲೆ ಉಡಿ ತುಂಬಿಸಿಕೊಂಡ್ಲು ಅಂತ ನಾಲ್ಕು ಮಂದಿ ಅಂದ್ರ ಆಕಿ ತಡಕೋತಾಳ. ಕೂಲಿ ಇಸಗೊಂಡ್ಲು ಅಂತ ಒಬ್ಬರು ಅಂದ್ರೂ ತಡಕೊಳ್ಳೂದಿಲ್ಲ. ಅಷ್ಟ.

ಆದ್ರ ಮರುದಿವಸ ಎಲ್ಲಾರೂ ಉಡಿ ಒಡ್ಡಿದ್ರು. ಗೋದಕ್ಕನೂ! ಈಗ ಅತ್ತಿಯವರ ತಕರಾರು ಧರ್ಮದ್ದಲ್ಲ, ಅಕ್ಕೀದು. "ದಿನಾ ಇಷ್ಟು ಅಕ್ಕಿ ಹೊರಗ ಹೋದ್ರ ಹೆಂಗ? ಬೊಗಸಿ ಬ್ಯಾಡ, ಮುಷ್ಟಿ ಹಾಕು" ಅಂತಾರ. ಮುಷ್ಟಿ ಹಾಕ್ತೀನಿ.

ಭಾವನವರು ಜೋಕಾಲಿ ಮ್ಯಾಲಿಂದ ಇದೆಲ್ಲಾ ನೋಡಿದ್ರು. ಮೊನ್ನೆ ನಾ ಫೀದ ರೊಕ್ಕಾ ಅವರ ಎದುರಿಗೆ ಇಟ್ಟೆ. ಆವಾಗೂ ಪಡಸಾಲ್ಯಾಗ ಮಂದಿ ಇದ್ದರು. ಮಂದಿ ಇದ್ದಾಗನ ಇಟ್ಟೆ.

"ಈ ವರ್ಷದ್ದಾತು. ಮುಂದಿನ ವರ್ಷದ್ದು?" ಅಂದ್ರು.

"ಮುಂದಿನ ವರ್ಷಾನೂ ಬ್ಯಾಸಗಿ ಬರ್ತದಲ್ರೀ" ಅಂದೆ. ಬಾಗಿಲ ಮರಿಗೆ ನಿಂತು ಅನ್ನಲಿಲ್ಲ.

ನಂದಗಡಕ್ಕ ಈ ವರ್ಷ ಬ್ಯಾಡ ಅಂತ ಹೇಳಿ ಕಳಸ್ಯಾರ.

ಅಲಕಾ ಬರೂ ಸೋಮವಾರ ಮುಂಜಾನೆ ಗಾಡೀಲೆ ಬರ್ತಾಳ. ಭಾವನವರು ತಾವ ಕರಕೊಂಡು ಬರ್ತೀನಿ ಅಂದಾರ. ವಹಿನಿ, ಆಕಿ ಜಡಿ ತಾನ ಹಾಕ್ಕೋತಾಳ, ಸೀರಿ ಒಗದು ಹಾಕ್ತಾಳ, ಪಾತ್ರಿ ತಿಕ್ಕಲಿಕ್ಕ ಹಚ್ಚಿದ್ರ ತಿಕ್ತಾಳ, ಕೆಲಸಕ್ಕ ಹಿಂದ ಸರಿಯೂದಿಲ್ಲ. ಹಪ್ಪಳ ಲಟ್ಟಿಸಲಿಕ್ಕ ಬರೂದಿಲ್ಲ. ಇಷ್ಟು ದಿವಸ ಪಡಸಾಲ್ಯಾಗ ಅದ ನಡದಿತ್ತು, ಆಕಿ ಎಷ್ಟೋ ಸಲ ಬಂದು ಕೂತ್ಲು, ನಾ ಎಬ್ಬಿಸಿ ಕಳಸಿದೆ. ಬೇಕಂತನ ಕಲಿಸಿಲ್ಲ. ನೀವೂ ಕಲಿಸಬ್ಯಾಡ್ರಿ.

ನಿಮ್ಮ,
ಕೃಷ್ಣಿ